ಗಾಳಿ ಬಂದ ಕಡೆಯ ಸೀಟು

ನಮ್ಮ ಸಂಘದ ಅಧ್ಯಕ್ಷ ಲಕ್ಷ್ಮೀಕಾಂತ ಅವರು ಕೂತ ಕುರ್ಚಿಯಿಂದ ತಾವಾಗಿಯೇ ಎದ್ದದ್ದನ್ನು ಶಿವಮೊಗ್ಗದಲ್ಲಿ ಯಾರೂ ನೋಡಿರಲಿಲ್ಲ. ಭದ್ರಾ ಹಿನ್ನೀರಿನಲ್ಲಿ ಹಾಯಿದೋಣಿ ಓಡಿಸುವ ಸಂಘ ಹುಟ್ಟಿದಾಗಿನಿಂದ ಅಧ್ಯಕ್ಷರು ಅವರೇ. ದೋಣಿ ಹತ್ತಿದವರಲ್ಲ, ಈಜು ಬರುವುದಿಲ್ಲ. ಆದರೆ ಶಾಲು ಹೊದಿಸಿಕೊಳ್ಳಲು ಯಾರಾದರೂ ಬೇಕಲ್ಲ.

ನಾನು ವೀಣಾ. ವಿದ್ಯಾನಗರದಲ್ಲಿ ಮನೆ, ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ, ಭಾನುವಾರ ದೋಣಿಯ ಚುಕ್ಕಾಣಿ. ನನ್ನ ಜೊತೆಗಾತಿ ಕವನ ಭದ್ರಾವತಿಯ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್. ನಮ್ಮದು ರೇಸಿನ ಕ್ಯಾಟಮರಾನ್, ಎರಡು ಸಪೂರ ದೋಣಿಗಳನ್ನು ಪಕ್ಕಪಕ್ಕ ಜೋಡಿಸಿದಂತಿರುತ್ತದೆ. ಗಾಳಿ ಎಡದಿಂದ ಬೀಸಿದರೆ ಅದು ಬಲಕ್ಕೆ ವಾಲುತ್ತದೆ. ಆಗ ಒಬ್ಬರು ಎಡ ಅಂಚಿನಿಂದ ಹೊರಕ್ಕೆ ನೇತಾಡಿ ತಮ್ಮ ಭಾರದಿಂದ ಅದನ್ನು ತಡೆಯಬೇಕು. ಆ ಕೆಲಸ ಕವನಳದು. ವರ್ಷಗಟ್ಟಲೆ ನೇತಾಡಿ ಅವಳ ಸೊಂಟ ಹಿಡಿದುಕೊಂಡಿತ್ತು, ಇನ್ನು ಇದೆಲ್ಲ ಬೇಡ ಎಂದು ವಿನೋಬನಗರದ ಡಾಕ್ಟರು ಹೇಳಿದ್ದರು. ಅದೇ ಸಮಯಕ್ಕೆ ಸಂಘವು ಈ ಸಲ ಗೆದ್ದ ದೋಣಿಯಲ್ಲಿದ್ದ ಇಬ್ಬರನ್ನು ಚೆನ್ನೈ ರೇಸಿಗೆ ಕಳಿಸುವುದೆಂದು ತೀರ್ಮಾನಿಸಿತು. ಒಮ್ಮೆಯಾದರೂ ಸಮುದ್ರದಲ್ಲಿ ಹಾಯಿ ಬಿಚ್ಚಬೇಕೆನ್ನುವುದು ಕವನಳ ಬಹಳ ದಿನದ ಆಸೆ.

ಅದಕ್ಕೇ ರೆಕ್ಕೆ ಸೀಟು. ಭದ್ರಾವತಿಯಲ್ಲಿ ಕಿಟಕಿ ಗ್ರಿಲ್ ಮಾಡುವ ಅವಳ ಅಣ್ಣ ಆನಂದ್ ಅಲ್ಯೂಮಿನಿಯಂ ಪೈಪು ಬಗ್ಗಿಸಿ, ಮಂಚಕ್ಕೆ ಹೆಣೆಯುವ ನವಾರು ಬಿಗಿದು, ದೋಣಿಯ ಎರಡೂ ಮಗ್ಗುಲಿಗೆ ನೀರಿನ ಮೇಲಕ್ಕೆ ಚಾಚಿದ ಒಂದೊಂದು ಸೀಟು ಕೂರಿಸಿಕೊಟ್ಟ. ಇನ್ನು ನೇತಾಡಬೇಕಿಲ್ಲ. ಅದರಲ್ಲಿ ಆರಾಮಾಗಿ ಕೂತರೆ ಭಾರ ಇನ್ನೂ ದೂರಕ್ಕೆ ಬಿದ್ದು ದೋಣಿ ಇನ್ನೂ ನೆಟ್ಟಗೆ ಓಡುತ್ತದೆ. ಒಂದೇ ಷರತ್ತು: ದೋಣಿ ತಿರುಗಿ ಗಾಳಿಯ ಕಡೆ ಬದಲಾದಾಗ ಕೂತವರು ತಕ್ಷಣ ಎದ್ದು ಆಚೆ ಸೀಟಿಗೆ ಹೋಗಬೇಕು.

ರೇಸಿನ ದಿನ ಅಧ್ಯಕ್ಷರು ದಡದಲ್ಲಿ ಸೀಟು ನೋಡಿದರು. ಕೈಯಿಂದ ಒತ್ತಿಯೂ ನೋಡಿದರು.

"ಪರವಾಗಿಲ್ವೋ ಆನಂದ, ಚೆನ್ನಾಗ್ ಮಾಡಿದ್ದೀಯ" ಎಂದು ಟವೆಲ್ ಹಾಸಿ ಕೂತೇಬಿಟ್ಟರು. "ನಡೀರಿ ವೀಣಮ್ಮ, ಈ ಸಲ ನಾನೂ ಒಂದ್ ಕೈ ನೋಡ್ತೀನಿ."

ಹಿರಿಯರು ಕೂತ ಮೇಲೆ ಏಳಿ ಎನ್ನುವ ಪದ್ಧತಿ ನಮ್ಮಲ್ಲಿಲ್ಲ. ದೋಣಿಯಲ್ಲಿ ಇಬ್ಬರಿಗೇ ಜಾಗ. ಕಾರ್ಯಕಾರಿ ಸಮಿತಿ ಚಪ್ಪಾಳೆ ತಟ್ಟಿತು. ಕವನ ತನ್ನ ಲೈಫ್ ಜಾಕೆಟ್ ಬಿಚ್ಚಿ ಅವರಿಗೆ ತೊಡಿಸಿ, ಹೊಟ್ಟೆಯ ಹತ್ತಿರ ಕೂಡದ್ದಕ್ಕೆ ಹಗ್ಗ ಕಟ್ಟಿದಳು. ನಾನು ಸಿಟ್ಟಿನಲ್ಲೇ ದೋಣಿಯನ್ನು ನೀರಿಗೆ ತಳ್ಳಿದೆ.

ಶುರುವಿನಲ್ಲಿ ನನಗೇ ನಾಚಿಕೆಯಾಗುವಷ್ಟು ಚೆನ್ನಾಗಿ ಓಡಿದೆವು. ಅಧ್ಯಕ್ಷರ ಭಾರ ಅಂಥದ್ದು, ಭೌತಶಾಸ್ತ್ರ ಅಧ್ಯಕ್ಷರು ಸದಸ್ಯರೆಂದು ಭೇದ ಮಾಡುವುದಿಲ್ಲ. ನೀರಿನಲ್ಲಿ ತೇಲಿಬಿಟ್ಟ ಹಳದಿ ಡ್ರಮ್ಮಿನ ಹತ್ತಿರ ದೋಣಿ ತಿರುಗಿಸಬೇಕಿತ್ತು.

"ಸಾರ್, ಈಗ ಆ ಕಡೆ ಸೀಟಿಗೆ ಹೋಗಿ."

"ಕೂತಾಯ್ತಲ್ಲಮ್ಮ. ಇಲ್ಲೇ ಚೆನ್ನಾಗಿದೆ."

"ಗಾಳಿ ಬದಲಾಗುತ್ತೆ ಸಾರ್, ಮಗುಚ್ಕೊಳ್ತೀವಿ."

"ಗಾಳಿ ಬದಲಾದಾಗಲೆಲ್ಲ ಏಳೋಕಾಗುತ್ತಾ?"

ಆಗ ನನಗೆ ಹೊಳೆಯಿತು. "ಸಾರ್, ಫೋಟೋದವ್ರ ಬೋಟು ಆ ಕಡೆ ಬಂತು."

ನಾನು ಮಾತು ಮುಗಿಸುವಷ್ಟರಲ್ಲಿ ಅವರು ಟವೆಲ್ ಸಮೇತ ಆಚೆ ಸೀಟಿನಲ್ಲಿದ್ದರು. ಜಾಕೆಟ್ಟಿನ ಮೇಲೆ ಹೊದ್ದಿದ್ದ ಶಾಲು ಸರಿಮಾಡಿಕೊಂಡು, ಇಲ್ಲದ ಕ್ಯಾಮೆರಾ ಕಡೆ ನಕ್ಕರು. ಮುಂದಿನ ಡ್ರಮ್ಮಿನಲ್ಲೂ ಫೋಟೋದವರನ್ನೇ ಕರೆದೆ. ಕೊನೆಯ ತಿರುವಿಗೆ ಬರುವಾಗ ನಾವೇ ಮುಂದಿದ್ದೆವು.

"ಚೆನ್ನೈನಲ್ಲಿ ಎಸಿ ರೂಮೇ ಇರ್ಬೇಕು ವೀಣಮ್ಮ" ಎಂದರು ಅಧ್ಯಕ್ಷರು. "ಕವನ ಮನೇಲಿ ರೆಸ್ಟ್ ತಗೊಳ್ಲಿ. ಸೊಂಟ ನೋವು, ಪಾಪ."

ಗೆದ್ದರೆ ಹೋಗುವವರು ಇವರು. ದಡದಲ್ಲಿ ಕವನ ಬರಿಗಾಲಲ್ಲಿ ನಿಂತಿರುವುದು ಕಾಣುತ್ತಿತ್ತು. ಈ ಸಲ ಫೋಟೋದವರನ್ನು ಕರೆಯದೆ ಚುಕ್ಕಾಣಿ ತಿರುಗಿಸಿದೆ. ಹಾಯಿ ಹೊರಳಿತು, ಅಧ್ಯಕ್ಷರ ಸೀಟು ನೀರು ಮುಟ್ಟಿತು, ದೋಣಿ ಮಗುಚಿತು. ನೀರಿನಲ್ಲೂ ಅವರು ಸೀಟು ಬಿಟ್ಟಿರಲಿಲ್ಲ.

ಬೇರೆ ಯಾರಾದರೂ ಮಗುಚಿದ್ದರೆ ಸೋತ ಹಾಗೆ. ಅಧ್ಯಕ್ಷರು ಮಗುಚಿದ್ದರಿಂದ ರೇಸೇ ರದ್ದಾಯಿತು. ಅಂದಿನ ಗಾಳಿ ಕ್ರಮಬದ್ಧವಾಗಿರಲಿಲ್ಲವೆಂದು ಸಮಿತಿ ಒಮ್ಮತದಿಂದ ಠರಾವು ಮಾಡಿ, ಮುಂದಿನ ಭಾನುವಾರಕ್ಕೆ ಮರು ರೇಸ್ ಇಟ್ಟಿತು. ಹೀಗಾಗುತ್ತದೆಂದು ನಾನು ಎಣಿಸಿರಲಿಲ್ಲ ಎಂದರೆ ಸುಳ್ಳಾದೀತು, ನಾನೂ ಈ ಸಂಘದಲ್ಲೇ ಬೆಳೆದವಳು.

ಆದರೂ ಅಧ್ಯಕ್ಷರಿಗೆ ಸೀಟಿನ ಮೋಹ ಹೋಗಿರಲಿಲ್ಲ. ಆನಂದ್ ಸಮಾಧಾನ ಮಾಡಿದ.

"ನಿಮಗ್ಯಾಕ್ ಸಾರ್ ನೀರಿನ ಸಹವಾಸ? ದಡದಲ್ಲೇ ಅಂಥದ್ದೊಂದು ಹಾಕ್ಕೊಡ್ತೀನಿ. ಒಂಚೂರೂ ಅಲ್ಲಾಡಲ್ಲ. ಮುಖ ಯಾವ ಕಡೆ ಇರ್ಲಿ?"

"ಗೇಟ್ ಕಡೆ ಇರ್ಲಿ ಮಾರಾಯ. ಬರೋರಿಗೆ ನಾನು ಕಾಣ್ಬೇಕಲ್ಲ."

ಆನಂದ್ ಅದನ್ನು ದಡದಲ್ಲಿರುವ ಸಂಘದ ಕಚೇರಿಯ ಜಗಲಿಯ ಕಬ್ಬಿಣದ ಕಂಬಕ್ಕೆ ವೆಲ್ಡ್ ಮಾಡಿದ.

ಭಾನುವಾರ ಕವನ ಪ್ರತಿ ತಿರುವಿಗೂ, ನಾನು ಹೇಳುವ ಮೊದಲೇ, ಎದ್ದು ಆಚೆ ಸೀಟಿಗೆ ಹಾರಿದಳು. ಗೆದ್ದೆವು. ದಡಕ್ಕೆ ಬಂದಾಗ ಅವಳು ಅಳುತ್ತಿದ್ದಳು, ನನಗೂ ತಡೆಯಲಾಗಲಿಲ್ಲ. ಅಧ್ಯಕ್ಷರು ನೀರಿಗೆ ಬೆನ್ನು ಹಾಕಿ ಹೊಸ ಸೀಟಿನಲ್ಲಿ ಕೂತಿದ್ದರು.

"ಯಾರ್ರೀ ಗೆದ್ದಿದ್ದು?" ಎಂದು ಗೇಟಿನ ಕಡೆ ನೋಡುತ್ತಲೇ ಕೇಳಿದರು. ನಮ್ಮನ್ನು ನೋಡಬೇಕೆಂದರೆ ಅವರು ಏಳಬೇಕಿತ್ತು.