ಭಾವನ ದೋಣಿಯ ಎಂಜಿನ್ನು

ಎಂಜಿನ್ನಿನ ದನಿ ತೆಳುವಾಯಿತು, ಅಷ್ಟೇ, ಸಾಕು, ನಿಲ್ಲಿಸು ಎಂದುಕೊಂಡರೂ ಅವನ ಬೆರಳು ನಿಲ್ಲಲಿಲ್ಲ, ಇಂಧನದ ಸೂಜಿಯನ್ನು ಕೂದಲೆಳೆಯಷ್ಟು ಒಳಕ್ಕೆ ತಿರುವಿತು, ಮುಷ್ಟಿಯೊಳಗೆ ಹಿಡಿಸುವ ಆ ಎಂಜಿನ್ನು ಮೇಜಿಗೆ ಬಿಗಿದಲ್ಲೇ ಕಿರುಚಿಕೊಂಡಿತು, ಶೆಡ್ಡಿನ ತಗಡು, ಮೊಳೆಯ ಡಬ್ಬಿ, ಅವನ ಹಲ್ಲು ಎಲ್ಲ ಅದುರಿದವು, ಇಂಧನಕ್ಕೆ ಬೆರೆಸಿದ ಹರಳೆಣ್ಣೆ ಸುಟ್ಟ ಹೊಗೆ ಗಂಟಲಿಗಿಳಿಯಿತು — ಸೂಜಿ ಬಿಗಿದಷ್ಟೂ ಇಂಧನ ಕಡಿಮೆ, ಕಾವು ಜಾಸ್ತಿ, ಓಟ ಜಾಸ್ತಿ, ಇನ್ನೊಂದು ಚೂರು ಬಿಗಿದರೆ ಪಿಸ್ಟನ್ ಒಣಗಿ ಸಿಲಿಂಡರನ್ನು ಕಚ್ಚಿಕೊಂಡು ಸತ್ತೇ ಹೋಗುತ್ತದೆ, ಆ ಒಂದು ಚೂರಿನ ಈಚೆ ನಿಲ್ಲುವುದೇ ಕೈಚಳಕ, ಹನ್ನೊಂದು ವರ್ಷದಿಂದ ನಿಂತಿದ್ದಾನೆ, ವಾರವೆಲ್ಲ ಕಾರ್ಖಾನೆಯ ಲೇತ್ ಮುಂದೆ, ರಜೆ ಬಂತೆಂದರೆ ಅಕ್ಕನ ಮನೆಯ ಹಿಂದಿನ ಈ ಶೆಡ್ಡು, ಹೋದ ವರ್ಷ ಹೊಗೆಯ ಕಿಂಡಿಯನ್ನು ಅರದಿಂದ ಉಜ್ಜಿ ಅಗಲ ಮಾಡಿದ, ಈ ಸಲ ಹೊಗೆಪೈಪನ್ನು ಅರ್ಧ ಬೆರಳು ಕೊಯ್ದು ಗಿಡ್ಡ ಮಾಡಿದ್ದಾನೆ, ಕೊಳದಲ್ಲಿ ಭಾವನ ಆಟದ ದೋಣಿ ನೀರು ಸೀಳಿಕೊಂಡು ಹಾರುತ್ತದೆ, ರಿಮೋಟ್ ಹಿಡಿಯುವವನು ಭಾವ, ಬಹುಮಾನ ಎತ್ತಿ ಫೋಟೊಗೆ ನಿಲ್ಲುವವನು ಭಾವ, ಭಾಮೈದನಿಗೆ ಕೈ ಒರೆಸುವ ಬಟ್ಟೆ, ಇರಲಿ, ಅದಕ್ಕೇನಲ್ಲ, ಅದಕ್ಕಲ್ಲ ಈ ಸಿಟ್ಟು — ಬೆಳಿಗ್ಗೆ ತಿಂಡಿ ಬಡಿಸುವಾಗ ಎರಡು ಸಲ ಕರೆದರೂ ಅಕ್ಕ ತಿರುಗಲಿಲ್ಲ, ಯಾಕಕ್ಕಾ, ಕಿವಿಗೆ ನೀರು ಹೋಗಿದೆ ಕಣೋ, ಸ್ನಾನ ಮಾಡುವಾಗ, ಕಿವಿಗೆ ನೀರು ಹೋದರೆ ಕೆನ್ನೆಯ ಮೇಲೆ ನಾಲ್ಕು ಬೆರಳು ಮೂಡುತ್ತವೆಯೇ, ಅವನು ಎಣಿಸಿದ್ದ, ನಾಲ್ಕು, ಉಂಗುರ ಬಡಿದಲ್ಲಿ ಚರ್ಮ ಕಿತ್ತಿತ್ತು, ಹೋದ ತಿಂಗಳು ಮೆಟ್ಟಿಲಿಂದ ಜಾರಿದ್ದು, ಅದಕ್ಕೂ ಮೊದಲು ಬೀರುವಿನ ಬಾಗಿಲು ತಗುಲಿದ್ದು, ಆ ಮನೆಯ ಬಾಗಿಲು, ಮೆಟ್ಟಿಲು, ನಲ್ಲಿ ಎಲ್ಲಕ್ಕೂ ಅವಳೊಬ್ಬಳ ಮೇಲೇ ಕಣ್ಣು, ಮತ್ತೆ ಅವನು ಹೂಂ ಅಂದಿದ್ದಾನೆ, ಹನ್ನೊಂದು ವರ್ಷ ಹೂಂ ಅಂದಿದ್ದಾನೆ, ಯಾಕೆ, ಭಾವನಿಲ್ಲದೆ ಕೊಳವಿಲ್ಲ, ದೋಣಿಯಿಲ್ಲ, ಎಂಜಿನ್ನಿಲ್ಲ, ಅಷ್ಟಕ್ಕೇನಾ, ಹೌದು ಅಷ್ಟಕ್ಕೇ, ಥೂ ನಿನ್ನ.

ಬಾಗಿಲು ತೆರೆದು ಬಿಸಿಲಿನ ಜೊತೆಗೇ ಭಾವ ಒಳಬಂದ, ಏನಪ್ಪಾ ಮೇಸ್ತ್ರಿ, ಹೇಗಿದೆ ನನ್ನ ಕುದುರೆ, ಎಂಜಿನ್ನಿನ ಗದ್ದಲದ ಮೇಲೆ ಕಿರುಚುತ್ತಿದ್ದಾನೆ, ಇಷ್ಟೇನಾ, ಇನ್ನೂ ಬಿಗಿಯಯ್ಯ — ಅಕ್ಕನ ಕಿವಿಗೆ ಏನ್ ಮಾಡಿದ್ರಿ — ಯಾರು ಕೇಳಿದ್ದು, ಅವನೇ, ಅವನ ಬಾಯೇ, ಭಾವನ ನಗು ಅರ್ಧಕ್ಕೆ ನಿಂತಿತು, ಗಂಡ ಹೆಂಡ್ತಿ ವಿಷಯ ಅದು, ನೀನು ನಿನ್ನ ಸೂಜಿ ನೋಡ್ಕೋ, ಸರಿ ಆಚೆ, ನಾನೇ ನೋಡ್ತೀನಿ ಎಂದು ಕೈ ಚಾಚಿದ, ಆ ಕೈ, ಆ ಉಂಗುರ, ಅಷ್ಟು ಹತ್ತಿರ, ಮಣಿಕಟ್ಟು ಸಿಕ್ಕಿತು, ತಿರುಚಿದ, ಅಂಗೈಯನ್ನು ಕಾದ ಪೈಪಿನ ಮೇಲೆ ಒತ್ತಿ ಹಿಡಿದ, ಭಾವನ ಬಾಯಿ ತೆರೆದದ್ದು ಕಂಡಿತು, ಕೂಗು ಕೇಳಿಸಲಿಲ್ಲ, ಎಂಜಿನ್ನು ಅದನ್ನೂ ನುಂಗಿತ್ತು, ಒಂದು, ಎರಡು, ಹರಳೆಣ್ಣೆಯ ನಡುವೆ ಬೇರೆಯದೇ ವಾಸನೆ, ಸಾಕು ಬಿಡು, ಇನ್ನೊಂದು ಚೂರು, ಮೂರು, ಭಾವನ ಮೊಣಕಾಲು ಹೊಟ್ಟೆಗೆ ಬಡಿಯಿತು, ಉಸಿರು ಸಿಕ್ಕಿಕೊಂಡಿತು, ಸ್ಪ್ಯಾನರ್ ಯಾವಾಗ ಕೈಗೆ ಬಂತೋ ದವಡೆಗೆ ಬೀಸಿದ, ಮತ್ತೊಮ್ಮೆ ಬೀಸಿದ, ಹಲ್ಲು ಮುರಿದದ್ದು ಕಿವಿಗಿಂತ ಮೊದಲು ಕೈಗೆ ಗೊತ್ತಾಯಿತು — ಹಿತವಾಗಿತ್ತು, ದೇವರೇ, ದನಿ ಸರಿಯಾಗಿ ಕೂತಾಗ ಮೈಯಲ್ಲಿ ಏಳುವಂಥದೇ ಹಿತ, ಅದನ್ನು ಯಾರ ಹತ್ತಿರ ಹೇಳುವುದು — ಆಗ ಟಕ್ ಎಂದು ಎಂಜಿನ್ನು ಕಚ್ಚಿಕೊಂಡು ನಿಂತಿತು, ಮೌನದೊಳಗೆ ಭಾವ ನೆಲದ ಮೇಲೆ ಎಳೆಮಗುವಿನ ಹಾಗೆ ಅಳುತ್ತಿದ್ದ, ಬಾಗಿಲಲ್ಲಿ ಅಕ್ಕ, ತೊಳೆಯುತ್ತಿದ್ದ ಪಾತ್ರೆ ಬಿಟ್ಟು ಓಡಿಬಂದಿದ್ದಳು, ಮುಂಗೈ ತುಂಬ ಸೋಪಿನ ನೊರೆ, ಅಕ್ಕಾ ಹೆದರಬೇಡ, ಮುಗೀತು, ಇನ್ನು ಯಾರೂ ನಿನ್ನ ಮುಟ್ಟಲ್ಲ, ಎನ್ನುತ್ತ ಎರಡು ಹೆಜ್ಜೆ ಇಟ್ಟು ಕೈ ಎತ್ತಿದ, ಅವಳ ಭುಜ ಹಿಡಿದುಕೊಳ್ಳಲೆಂದು, ಸ್ಪ್ಯಾನರ್ ಇನ್ನೂ ಕೈಯಲ್ಲೇ ಇದ್ದದ್ದು ನೆನಪಿರಲಿಲ್ಲ, ಅಕ್ಕ ಸರಕ್ಕನೆ ಗೋಡೆಗೊರಗಿ ಮೊಣಕೈ ಮೇಲೆತ್ತಿದಳು, ಬೇಡ ಕಣೋ, ಬೇಡ, ಹೊಡೀಬೇಡ.

ಆಮೇಲೆ ಅವಳೇ ಗಂಡನ ಕೈಯನ್ನು ನಲ್ಲಿಯ ಕೆಳಗೆ ಹಿಡಿದಳು, ಒದ್ದೆ ಬಟ್ಟೆ ಸುತ್ತಿದಳು, ಆಟೋ ಕರೆದು ಹತ್ತಿಸಿ ಹೋದಳು, ಇವನತ್ತ ತಿರುಗಲಿಲ್ಲ, ಪೊಲೀಸರು ಬರಬಹುದು, ಬರಲಿ, ಅಲ್ಲಿಯವರೆಗೆ ಎಂಜಿನ್ನು ಬಿಚ್ಚೋಣ, ಸಿಲಿಂಡರಿನ ತಲೆಯ ನಾಲ್ಕು ತಿರುಪು, ಮೊದಲನೆಯದು ಬಂತು, ಪಿಸ್ಟನ್ ಗೀರಿರುತ್ತದೆ, ಹೊಸದು ಹಾಕಬೇಕು, ಯಾರ ದೋಣಿಗೆ, ಎರಡನೆಯದು ಬಿಗಿಯಾಗಿದೆ, ತಪ್ಪೇನು ಮಾಡಿದೆ, ಅವಳಿಗಾಗಿ ತಾನೇ, ಅವಳಿಗಾಗಿ ಒಂದು ಎಣಿಸಿದೆ, ಎರಡು ಎಣಿಸಿದೆ, ಮೂರು ಯಾರಿಗಾಗಿ, ಮತ್ತೆ ಅಕ್ಕನ ಮೊಣಕೈ, ತಿರುಪು ಜಾರಿ ಉರುಳಿತು, ಹುಡುಕಲು ಬಗ್ಗಿದರೆ ಮೇಜಿನಡಿಯ ಕತ್ತಲಲ್ಲೂ ಅದೇ ಮೊಣಕೈ, ಚೂಪು ಮೂಳೆ, ಅದರಿಂದ ತೊಟ್ಟಿಕ್ಕುವ ಸೋಪು ನೀರು, ಅದರ ಸಂದಿಯಲ್ಲಿ ಅಕ್ಕನ ಒಂದೇ ಒಂದು ಕಣ್ಣು, ಏಟು ಯಾವ ಕಡೆಯಿಂದ ಬೀಳುತ್ತದೆಂದು ಅವನ ಕೈಯನ್ನೇ ನೋಡುತ್ತಿರುವ ಕಣ್ಣು, ಮೊಣಕೈ, ಕಣ್ಣು, ಎತ್ತಿದ ಮೊಣಕೈ —