ಎದ್ದು ಬರುತ್ತಾನೆ ಎಂಬ ಸಾಲು

ಗೋರಿಕಲ್ಲು ಕೆತ್ತುವ ನಮ್ಮ ಮೇಸ್ತ್ರಿಯದು ಒಂದೇ ಹಟ: ನಿಜವೆಂದು ತನಗೆ ಗೊತ್ತಿಲ್ಲದ ಮಾತಿಗೆ ಉಳಿ ಇಡುವುದಿಲ್ಲ. ಹಿಂದೊಮ್ಮೆ ಮನೆಯವರ ಮಾತು ನಂಬಿ ಒಬ್ಬ ಹಾಲಿನವನ ಸಾವಿನ ತಾರೀಖು ಕೆತ್ತಿಟ್ಟಿದ್ದ. ನಾಲ್ಕೇ ದಿನಕ್ಕೆ ಆ ಹಾಲಿನವನು ಸೈಕಲ್ ಹತ್ತಿ ಬಂದು, ಕಲ್ಲನ್ನು ಸುತ್ತಿ ನೋಡಿ, "ಇಷ್ಟು ಚಿಕ್ಕದಾ?" ಎಂದು ಜಗಳಕ್ಕೆ ನಿಂತ. ಆ ಕಲ್ಲು ಈಗ ನಮ್ಮ ಅಂಗಡಿ ಬಾಗಿಲಿನ ಮೆಟ್ಟಿಲು. ಅವನು ಆಗಾಗ ಬಂದು ಅದರ ಮೇಲೆ ಕೂತು ಟೀ ಕುಡಿಯುತ್ತಾನೆ. ನಾನು ಅಲ್ಲಿ ಕಲ್ಲಿಗೆ ಪಾಲಿಶ್ ಹಾಕುವವನು, ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದೇನೆ. ಟೀ ವಿಷಯದಲ್ಲಿ ಮಾತ್ರ ಸ್ವಲ್ಪ ಹೆಚ್ಚುಕಡಿಮೆ ಇರಬಹುದು.

ಆಮೇಲಿಂದ "ಪ್ರೀತಿಯ ತಂದೆ" ಎಂದು ಬರೆಸಲು ಬಂದ ಮಕ್ಕಳನ್ನೂ ಮೇಸ್ತ್ರಿ ಅರ್ಧ ಗಂಟೆ ವಿಚಾರಿಸಿ, ಬರೀ "ತಂದೆ" ಎಂದು ಕೆತ್ತಿ ಕಳಿಸಿದ್ದುಂಟು.

ಇಂಥವನ ಮುಂದೆ ಅವನ ಅತ್ತಿಗೆ ಬಂದು ನಿಂತಳು. ಗಂಡ, ಅಂದರೆ ಮೇಸ್ತ್ರಿಯ ಅಣ್ಣ, ಹೋದ ತಿಂಗಳು ಸತ್ತಿದ್ದ. ಹೆಸರು, ತಾರೀಖು ಕೆತ್ತಿದ ಕಲ್ಲು ತಯಾರಿತ್ತು. ಮಾರನೇ ದಿನ ನಿಲ್ಲಿಸಬೇಕು.

"ಕೆಳಗೆ ಒಂದು ಸಾಲು ಹಾಕು. ಮತ್ತೆ ಎದ್ದು ಬರುತ್ತಾನೆ ಅಂತ."

ಚರ್ಚಿನ ಕಡೆ ತಲೆ ಹಾಕಿಯೂ ಮಲಗದ ಮೇಸ್ತ್ರಿ ಉಳಿ ಕೆಳಗಿಟ್ಟ. "ಆಗಲ್ಲ ಅತ್ತಿಗೆ. ಸತ್ತವರು ಎದ್ದಿದ್ದನ್ನ ಯಾರು ನೋಡಿದಾರೆ?"

"ಹೆಂಗಸರು ನೋಡಿದಾರೆ. ಯೇಸುವಿನ ಗೋರಿ ಖಾಲಿ ಇದ್ದದ್ದನ್ನ ಮೊದಲು ಕಂಡವರು ಅವರೇ. ಎದ್ದ ಯೇಸುವನ್ನ ಕಂಡವರೂ ಅವರೇ."

"ಅಳೋ ಹೆಂಗಸರ ಕಣ್ಣಿಗೆ ಏನೇನೋ ಕಾಣುತ್ತೆ."

"ಗಂಡಸರು ಅವತ್ತೂ ಹೀಗೇ ಅಂದ್ರು. ಆ ಕಾಲದಲ್ಲಿ ಹೆಂಗಸರ ಸಾಕ್ಷಿಯನ್ನ ಯಾರೂ ಮೂಸಿ ನೋಡ್ತಿರಲಿಲ್ಲ. ಸುಳ್ಳು ಕಟ್ಟೋನು ಅಂಥವರನ್ನ ಮುಂದೆ ನಿಲ್ಲಿಸ್ತಾನಾ? ನಿನ್ನಂಥ ದೊಡ್ಡ ಮನುಷ್ಯನ್ನ ನಿಲ್ಲಿಸ್ತಾನೆ."

ನಾನು ಕಲ್ಲಿಗೆ ನೀರು ಸುರಿದು ನಗು ಮುಚ್ಚಿಕೊಂಡೆ.

"ಬಾಗಿಲು ಹಾಕ್ಕೊಂಡು ನಡುಗ್ತಿದ್ದ ಶಿಷ್ಯರು ಆಮೇಲೆ ಬೀದಿಗೆ ಬಂದು ಯೇಸು ಎದ್ದಿದಾನೆ ಅಂತ ಕೂಗಿದ್ರು. ಹೊಡೆದ್ರೂ ಮಾತು ಬದಲಿಸಲಿಲ್ಲ. ತಾವೇ ಕಟ್ಟಿದ ಸುಳ್ಳಿಗೆ ಯಾರು ಪೆಟ್ಟು ತಿಂತಾರೆ?"

"ಹುಚ್ಚರು ತಿಂತಾರೆ."

"ಅಷ್ಟೂ ಜನಕ್ಕೆ ಒಟ್ಟಿಗೆ ಒಂದೇ ಹುಚ್ಚು ಹಿಡಿಯುತ್ತಾ?"

ಮೇಸ್ತ್ರಿ ಸುತ್ತಿಗೆ ಎಸೆದ. ನನ್ನ ಬಕೆಟ್ಟಿಗೆ ಒಂದು ತೂತು ಬಿತ್ತು. "ಯೇಸು ಎದ್ದಿರಲಿ, ನನಗೇನು! ನಮ್ಮಣ್ಣ ಯಾಕೆ ಏಳಬೇಕು? ನನಗೆ ಮೂರ್ಛೆರೋಗ ಅಂತ ಹೆಣ್ಣಿನ ಮನೆಗೆ ಹೋಗಿ ಸುಳ್ಳು ಹೇಳಿ ನನ್ನ ಮದುವೆ ಮುರಿದವನು. ಇಪ್ಪತ್ತೆರಡು ವರ್ಷ ಆಯ್ತು, ಒಲೆ ಮುಂದೆ ಒಬ್ಬನೇ ಕೂತು ಉಣ್ತಿದೀನಿ. ಯಾವ ಮುಖ ಇಟ್ಕೊಂಡು ಏಳ್ತಾನೆ?"

"ಅದೇ ಮುಖ ಇಟ್ಕೊಂಡು. ಒಳ್ಳೆಯವರು ಮಾತ್ರ ಏಳೋದಾದ್ರೆ ನೀನೂ ಮಲಗೇ ಇರ್ತೀಯ, ನಾನೂ."

"ಹಾಗಾದ್ರೆ ಅವನ ತಪ್ಪಿಗೆ ಶಿಕ್ಷೆ ಇಲ್ವಾ?"

"ಇದೆ. ಅದನ್ನ ದೇವರೇ ಶಿಲುಬೆ ಮೇಲೆ ತನ್ನ ಮೈಮೇಲೆ ತಗೊಂಡ."

"ಪೆಟ್ಟು ತಿಂದೋನು ನಾನು. ಮಧ್ಯೆ ಬಂದು ಕ್ಷಮಿಸೋಕೆ ಅವನ್ಯಾರು?"

"ನೀನು ಕೆತ್ತಿದ ಕಲ್ಲನ್ನ ಯಾರಾದ್ರೂ ಒಡೆದ್ರೆ ಸಿಟ್ಟು ಬರೋದು ಕೊಂಡವರಿಗೆ ಮಾತ್ರಾನಾ?"

ಮೇಸ್ತ್ರಿ ಕಲ್ಲಿನ ಅಂಚನ್ನು ಸವರಿದ. ತಾನು ಕೆತ್ತಿದ ಕಲ್ಲಿಗೆ ಕೊಂಬು ತಿಕ್ಕಿತೆಂದು ಒಂದು ಮೇಕೆಯ ಜೊತೆ ಅರ್ಧ ದಿನ ಜಗಳವಾಡಿದವನು ಅವನು. ಮೇಕೆಯೇ ಬೇಸತ್ತು ಹೋಯಿತು.

"ನಿನ್ನನ್ನ ಮಾಡಿದವನು ಆ ದೇವರು. ನಿನಗೆ ಬಿದ್ದ ಪೆಟ್ಟು ಅವನಿಗೂ ಬಿದ್ದಿದೆ. ಅದಕ್ಕೇ ಅವನಿಗೆ ಹಕ್ಕು. ನೀನು ಕ್ಷಮಿಸು ಅಂತ ನಾನು ಕೇಳ್ತಿಲ್ಲ. ಕೆತ್ತು ಅಂತ ಕೇಳ್ತಿದೀನಿ."

"ಬೇರೆ ಕಡೆ ಹೋಗಿ ಕೆತ್ತಿಸ್ಕೊಳ್ಳಿ."

"ಈ ಸಾಲು ನಿನ್ನ ಕೈಯಿಂದಲೇ ಆಗಬೇಕು ಅಂತ ನಿನ್ನಣ್ಣ ಹೇಳಿದ್ರು. ಸಾಯೋ ಮುಂಚೆ ಕೇಳಿದ್ದು ಇದೊಂದೇ."

"ಬದುಕಿದ್ದಾಗ ತಪ್ಪಾಯ್ತು ಅನ್ನೋಕೆ ಬಾಯಿ ಬಿದ್ದುಹೋಗಿತ್ತಾ?"

"ಹೂಂ, ಬಿದ್ದುಹೋಗಿತ್ತು. ಹೇಡಿ. ಗಂಡ ಅಂತ ನಾನೇನೂ ಮುಚ್ಚಿಡಲ್ಲ."

ಮೇಸ್ತ್ರಿ ಅವಳನ್ನು ದುರುಗುಟ್ಟಿ ನೋಡಿದ. ಆಮೇಲೆ ನಕ್ಕ. ಅವನು ನಕ್ಕರೆ ನಾನು ಬಕೆಟ್ಟನ್ನು ದೂರ ಸರಿಸಿಡುತ್ತೇನೆ. "ಸಂಜೆ ಬನ್ನಿ" ಎಂದ.

ಸಂಜೆ ಅತ್ತಿಗೆ ಬಂದಾಗ ಗೋಣಿ ಸರಿಸಿದ. "ಮತ್ತೆ ಎದ್ದು ಬರುತ್ತಾನೆ" ಎಂದು ಚೆನ್ನಾಗಿ ಕೆತ್ತಿತ್ತು. ಅದರ ಕೆಳಗೆ ಇನ್ನೊಂದು ಸಾಲು: "ಎಂದು ಹೆಂಡತಿ ಹೇಳುತ್ತಾಳೆ."

"ಇಷ್ಟಾದ್ರೆ ನಿಜ ಅಂತ ನನಗೂ ಗೊತ್ತು," ಎಂದು ಮೇಸ್ತ್ರಿ ಕೈಕಟ್ಟಿ ನಿಂತ. ಅವಳು ಅಳುವುದನ್ನೋ, ಕಿರುಚುವುದನ್ನೋ ಕಾಯುತ್ತಿದ್ದ.

ಅತ್ತಿಗೆ ಅಕ್ಷರಗಳ ಮೇಲೆ ಬೆರಳಾಡಿಸಿದಳು. "ಎರಡನೇ ಸಾಲು ಆಳ ಸಾಲದು."

"ಏನಂದ್ರಿ?"

"ಸಾಕ್ಷಿ ಯಾರು ಅಂತ ದೂರಕ್ಕೂ ಕಾಣಬೇಕು. ಅವತ್ತಿನ ಹೆಂಗಸರ ಹೆಸರನ್ನೂ ಹೀಗೇ ಬರೆದಿಟ್ಟಿದಾರೆ. ನಾನು ಹೇಳಿದ್ದು ಹೌದು. ಯಾರು ಬಂದು ಕೇಳಿದ್ರೂ ಮತ್ತೆ ಹೇಳ್ತೀನಿ. ಕೆತ್ತು."

ಮೇಸ್ತ್ರಿಯ ಮುಖ ಇಂಗು ತಿಂದ ಮಂಗನ ಹಾಗಾಯಿತು. ಆಳವಂತೂ ಸಾಲದಾಗಿತ್ತು, ಅದು ಅವನಿಗೂ ಗೊತ್ತಿತ್ತು. ಅಣ್ಣನನ್ನು ಬೈಯುತ್ತಲೇ ಉಳಿ ಎತ್ತಿಕೊಂಡ. ಅತ್ತಿಗೆ ಹೋಗಲಿಲ್ಲ, ಹಾಲಿನವನ ಕಲ್ಲಿನ ಮೇಲೆ ಬೆನ್ನು ತಿರುಗಿಸಿ ಕೂತಳು. ಆ ಸಾಲಿನಲ್ಲಿದ್ದದ್ದು ಒಂಬತ್ತೇ ಅಕ್ಷರ. ಬೈಗುಳ ಇಪ್ಪತ್ತೆರಡು, ನಾನೇ ಎಣಿಸಿದ್ದೇನೆ.