ಮುಖ ತೊಳೆಯುವ ಕೆಲಸ

ಗಾಜಿನ ನೆಗೆಟಿವ್‌ನಲ್ಲಿ ಮನುಷ್ಯರ ಮುಖ ಕಪ್ಪಗಿರುತ್ತದೆ, ಸುಕ್ಕುಗಳು ಮಾತ್ರ ಬೆಳ್ಳಗೆ ಹೊಳೆಯುತ್ತವೆ. ಆ ಬಿಳಿ ಗೆರೆಗಳನ್ನು ಚೂಪಾದ ಪೆನ್ಸಿಲಿನಿಂದ ತುಂಬಿಬಿಟ್ಟರೆ ಅಚ್ಚಾದ ಚಿತ್ರದಲ್ಲಿ ಸುಕ್ಕೇ ಕಾಣುವುದಿಲ್ಲ. ನಮ್ಮ ಸರ್ಕಾರಿ ಸ್ಟುಡಿಯೋದಲ್ಲಿ ಇದಕ್ಕೆ 'ಮುಖ ತೊಳೆಯುವುದು' ಎನ್ನುತ್ತಿದ್ದೆವು. ಸೋವಿಯತ್ ಕಾಲದಲ್ಲಿ ಹತ್ತೊಂಬತ್ತು ವರ್ಷ ನಾನು ಮಾಡಿದ್ದು ಇದೊಂದೇ ಕೆಲಸ. ಒಳ್ಳೆಯ ಕೆಲಸಗಾರರ ಚಿತ್ರ ತೂಗುಹಾಕುವ ಕಾರ್ಖಾನೆಯ ಗೌರವ ಫಲಕಕ್ಕೆ ಏರಿದ ಒಬ್ಬರಿಗೂ ನಾನು ವಯಸ್ಸಾಗಲು ಬಿಡಲಿಲ್ಲ.

ಸವೇಲಿ ಮಾರ್ಕೊವಿಚ್ ಅಲ್ಲಿನ ಛಾಯಾಗ್ರಾಹಕರು. ವಾರವೆಲ್ಲ ಫಲಕದ ಮುಖಗಳನ್ನು ತೆಗೆದು, ಭಾನುವಾರ ತಮ್ಮ ಹಳೆಯ ಕ್ಯಾಮೆರಾ ಹೊತ್ತು ಲಾಂಡ್ರಿಯ ಹೆಂಗಸರ ಬಳಿ ಹೋಗುತ್ತಿದ್ದರು. ಆವಿಯಲ್ಲಿ ಬೆಂದ ಆ ಮುಖಗಳನ್ನು ಇದ್ದದ್ದು ಇದ್ದ ಹಾಗೇ ತೆಗೆಯುತ್ತಿದ್ದರು. ಹನ್ನೊಂದು ವರ್ಷಕ್ಕೆ ಮೂವತ್ತೆರಡು ಗಾಜಿನ ಪ್ಲೇಟು. ಅವನ್ನು ನನಗೆ ಮುಟ್ಟಲೂ ಕೊಡುತ್ತಿರಲಿಲ್ಲ. ಹೇಳಿಬಿಡುತ್ತೇನೆ, ಅದಕ್ಕೆ ನನಗೆ ಹೊಟ್ಟೆ ಉರಿಯುತ್ತಿತ್ತು. ಅವರೆಂದರೆ ನನಗೆ ಪ್ರಾಣವೂ ಆಗಿತ್ತು.

ಪ್ರದರ್ಶನಕ್ಕೆಂದು ಮೂರು ಸಲ ಕಲಾ ಮಂಡಳಿಗೆ ಲಾಂಡ್ರಿಯ ಚಿತ್ರ ಕಳಿಸಿದರು, ಮೂರು ಸಲವೂ ವಾಪಸ್ಸು ಬಂತು. ನಮ್ಮ ದುಡಿಯುವ ಹೆಂಗಸರು ಇಷ್ಟು ದಣಿದಿರುವುದಿಲ್ಲ ಎಂದು ಮಂಡಳಿ ಷರಾ ಬರೆದಿತ್ತು. ಇನ್ನೊಂದು ಸಲ ಬೇಡವೆಂದರೆ ಕ್ಯಾಮೆರಾ ಕೆಳಗಿಟ್ಟುಬಿಡುತ್ತೇನೆ ಎಂದರು. ಬಾಯಿಮಾತಿಗೆ ಆಡುವ ಆಸಾಮಿಯಲ್ಲ ಅವರು.

ಆ ನಾಲ್ಕನೆಯ ಸಲ ಅವರು ಜ್ವರ ಬಂದು ಮಲಗಿದ್ದರು. ಲಾಂಡ್ರಿಯ ಫ್ಯೋಕ್ಲಾ ಎಂಬ ಮುದುಕಿಯ ಪ್ಲೇಟನ್ನು ಅಚ್ಚು ಹಾಕಿ ಕಳಿಸುವುದು ನನ್ನ ಪಾಲಿಗೆ ಬಂತು. ಕಪ್ಪು ಹಣೆಯ ಮೇಲೆ ಏಳು ಬಿಳಿ ಗೆರೆ. ಹಾಗೇ ಕಳಿಸಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಮೂರು ದಿನ ಕೂತು ಫ್ಯೋಕ್ಲಾಳ ಮುಖ ತೊಳೆದೆ. ಅವರನ್ನು ಒಂದು ಮಾತು ಕೇಳಲಿಲ್ಲ.

ಚಿತ್ರಕ್ಕೆ ಮೊದಲ ಪದಕ ಬಂತು. ಸವೇಲಿ ಮಾರ್ಕೊವಿಚ್ ಅದನ್ನು ನೋಡಿದ್ದು ಪ್ರದರ್ಶನದ ದಿನವೇ, ಗೋಡೆಯ ಮೇಲೆ. ಫ್ಯೋಕ್ಲಾಳೂ ಒಳ್ಳೆಯ ಶಾಲು ಹೊದ್ದು ಬಂದಿದ್ದಳು. ಒಂದೊಂದೇ ಚಿತ್ರ ನೋಡುತ್ತಾ ತನ್ನದನ್ನೂ ದಾಟಿ ಕೊನೆಯವರೆಗೆ ಹೋಗಿ ತಿರುಗಿ ನಿಂತಳು.

"ನಂದು ಎಲ್ಲಿ ಹಾಕಿದೀರಿ?" ಎಂದು ಸವೇಲಿ ಮಾರ್ಕೊವಿಚ್ ಅವರನ್ನು ಕೇಳಿದಳು.

ಅವರು ಗೋಡೆಯ ಕಡೆ ತಿರುಗಿಕೊಂಡರು. ಅವಳು ಸ್ವಲ್ಪ ಹೊತ್ತು ಕಾದು ಹೊರಟುಹೋದಳು.

ಮರುದಿನ ಮಧ್ಯಾಹ್ನ ನಾನು ಪ್ಲೇಟು, ಹತ್ತಿ, ಟರ್ಪೆಂಟೈನ್ ಬಾಟಲಿ ಹಿಡಿದು ಅವರ ಮುಂದೆ ನಿಂತೆ.

"ಬರೀ ಪೆನ್ಸಿಲು. ಒರೆಸಿದ್ರೆ ಹೋಗತ್ತೆ. ನೀವು ಹೂಂ ಅನ್ನಿ, ಮಂಡಳಿಗೂ ನಾನೇ ಹೇಳ್ತೀನಿ."

ಬೈಯಲಿ, ಕೆನ್ನೆಗೆ ಬಾರಿಸಲಿ ಎಂದು ಕಾದೆ. ಅವರು ಪ್ಲೇಟನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಮೇಜಿನ ಕೆಳಗಿದ್ದ, ಉಳಿದ ಮೂವತ್ತೊಂದು ಪ್ಲೇಟಿನ ಮರದ ಪೆಟ್ಟಿಗೆಯನ್ನು ನನ್ನ ಕಡೆ ತಳ್ಳಿದರು.

"ರಾಜಧಾನಿಯವರು ಎಲ್ಲಾನೂ ಕೇಳಿದಾರೆ," ಎಂದರು. "ಉಳಿದವರದ್ದೂ ತೊಳೆದುಬಿಡಿ."

ಮುಂದೆ ಅವರಿಗೆ ಬಿರುದು ಬಂತು, ಎರಡು ಪುಸ್ತಕ ಬಂದವು. ಲಾಂಡ್ರಿಗೆ ಹೋಗುವುದು ನಿಂತಿತು. ಸತ್ತಾಗ, ದುಡಿಯುವ ಹೆಣ್ಣಿನ ಸಂತೋಷವನ್ನು ಕಂಡವರು ಎಂದು ಪತ್ರಿಕೆ ಬರೆಯಿತು. ಥೂ. ತಪ್ಪು ನನ್ನದೇ, ನಾನೇನು ಸಾಚಾ ಅಲ್ಲ. ಆದರೆ ಒರೆಸಿಬಿಡಲು ಅವರ ಒಂದು ಹೂಂ ಸಾಕಿತ್ತು.

ಆ ಮಧ್ಯಾಹ್ನ ನಾನು ಪೆಟ್ಟಿಗೆ ತೆರೆದು ಸುಮ್ಮನೆ ಕೂತೆ. ಅವರು ನನ್ನ ಪೆನ್ಸಿಲು ತೆಗೆದುಕೊಂಡು, ಉಜ್ಜುಕಾಗದದ ಮೇಲೆ ತಿರುಗಿಸಿ ತಿರುಗಿಸಿ, ಸೂಜಿಯಷ್ಟು ಚೂಪು ಮಾಡಿ ನನ್ನ ಕೈಗೆ ಕೊಟ್ಟರು.